ಪಾರ್ಲರ್‌ನ್ಯಾಗ ಒಬ್ಬಾಕಿ ಪಾಳಿ ಕೆಲಸ ಬಿಟ್ಟರ ಉಳಿದವರು ಏನ್ ಮಾಡಬೇಕ್ರಿ?

ಕಾಡಿಗೆ_ಡಬ್ಬಿ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ್ರಿ. ಮೂರು ಕುರ್ಚಿ, ಒಂದು ಫೇಶಿಯಲ್ ಹಾಸಿಗಿ, ಒಂದು ಪೆಡಿಕ್ಯೂರ್ ಟಬ್ ಇರೋ ಲೇಡೀಸ್ ಪಾರ್ಲರ್. ಕೆಲಸಕ್ಕ ನಾಲ್ಕು ಮಂದಿ. ಮಾಲಕರು ಮುಂಜಾನೆ ಒಂದ್ ತಾಸು, ಸಂಜಿಗೆ ಒಂದ್ ತಾಸು ಬಂದು ಹೋಗ್ತಾರ. ಕಸ ಹೊಡಿಯೂದು, ಫರಸಿ ಒರಸೂದು, ಟಾವೆಲ್ ಒಗಿಯೂದು, ಬಣ್ಣದ ಬಟ್ಟಲ, ಟಬ್, ವ್ಯಾಕ್ಸ್ ಹೀಟರ್ ಎಲ್ಲಾನೂ ದಿನಕ್ಕ ಒಬ್ಬರಂತ ಪಾಳಿ ಮ್ಯಾಲೆ ನಡೀತೈತಿ. ನಾಲ್ವರೊಳಗ ಒಬ್ಬಾಕಿ ತನ್ನ ಪಾಳಿ ಬಂದ ದಿನ "ಗಿರಾಕಿ ಅದಾರ" ಅಂತಾಳ, ಇಲ್ಲಾಂದ್ರ ಫೋನ್ ಹಿಡಕೊಂಡು ಹೊರಗ ಹೋಗ್ತಾಳ. ಕಟಿಂಗು, ಕಲರ್ ಆಕಿ ಕೈಯಾಗ ಭಾಳ ಛಲೋ. ಗಿರಾಕಿಗಳು ಆಕಿನ್ನ ಕೇಳಿಕೊಂಡು ಬರ್ತಾರ. ಹಿಂಗಾಗಿ ಮಾಲಕರೂ ಗಟ್ಟಿಸಿ ಹೇಳೂದಿಲ್ಲ. ಲಗ್ನದ ಸೀಜನ್ ಹತ್ರ ಬಂತು. ಜಗಳ ಆಗದಂಗ ಇದನ್ನ ಹೆಂಗ್ ಸರಿ ಮಾಡೂದು? ಯಾವ ಕೆಲಸ ಯಾರು, ಯಾವಾಗ, ಎಷ್ಟು ಹೊತ್ತು ಅನ್ನೋ ಲೆಕ್ಕ ಗೊತ್ತಿದ್ದವರು ಬರೀರಿ.


ಗುಮ್ಮಟದ_ನೆರಳು (ವಿಜಯಪುರ)

ನಿಮ್ಮ ಪಟ್ಟಿಯೊಳಗ ಎರಡು ಥರದ ಕೆಲಸ ಕಲಸಿ ಹೋಗ್ಯಾವ್ರಿ. ಮೊದಲ ಅವನ್ನ ಬ್ಯಾರೆ ಮಾಡ್ರಿ.

ಒಂದು, ಗಿರಾಕಿ ಜೋಡಿ ಬರೋ ಕೆಲಸ. ಆಕಿ ತಲಿಗೆ ಹಾಕಿದ ಹಣಿಗಿ, ಕತ್ತರಿ, ಬಣ್ಣದ ಬಟ್ಟಲ, ಬ್ರಷ್, ಕಾಲಿಟ್ಟ ಟಬ್, ಕುರ್ಚಿ ಕೆಳಗ ಬಿದ್ದ ಕೂದಲ. ಇನ್ನೊಂದು, ಅಂಗಡಿ ಜೋಡಿ ಬರೋ ಕೆಲಸ. ಫರಸಿ, ಟಾವೆಲ್, ಕಸದ ಬುಟ್ಟಿ, ಸಿಂಕಿನ ಜಾಳಗಿ, ಸ್ಟಾಕ್ ಬರಿಯೂದು, ಬಾಗಲಾ ಹಾಕೋ ಮುಂದ ಪ್ಲಗ್ ನೋಡೂದು. ಪಾಳಿ ಅಂಬೂದು ಎರಡನೇದಕ್ಕಷ್ಟ. ಮೊದಲನೇದನ್ನ ಪಾಳಿಗೆ ಹಾಕಿದ್ರ ಗಿರಾಕಿ ಒಬ್ಬರವರು, ಹೊಲಸು ಇನ್ನೊಬ್ಬರದು ಆಗ್ತದ. ಅಲ್ಲಿಂದನ ಜಗಳ ಸುರು. ಯಾರು ವಾಪರಿಸಿದ್ರೋ ಅವರ ತೊಳೀಬೇಕು, ಮುಂದಿನ ಗಿರಾಕಿ ಕೂಡೂಕಿಂತ ಮೊದಲ ತೊಳೀಬೇಕು. ಇದಕ್ಕ ವಿನಾಯ್ತಿ ಇಲ್ಲ, ಎಷ್ಟ ಹೆಸರು ಮಾಡಿದ ಕೈ ಇದ್ರೂ ಇಲ್ಲ.

"ಗಿರಾಕಿ ಅದಾರ" ಅನ್ನೋ ಮಾತು ಯಾಕ ಬರ್ತದಂದ್ರ, ಅಪಾಯಿಂಟ್‌ಮೆಂಟ್ ವಹಿಯೊಳಗ ತೊಳಿಯೋ ಹೊತ್ತು ಬರದ ಇರೂದಿಲ್ಲ. ಪೆಡಿಕ್ಯೂರ್ 60 ನಿಮಿಷ ಅಂತ ಬರೀತಾರ, 61ನೇ ನಿಮಿಷಕ್ಕ ಮುಂದಿನವರು ಬಂದು ನಿಲ್ತಾರ. ಟಬ್ ತೊಳಿಯೂದು ಯಾವಾಗ? ಅದಕ್ಕ ವಹಿಯೊಳಗ ಹಿಂಗ ಹಿಡೀರಿ:

ಪೆಡಿಕ್ಯೂರ್ 60 ಇದ್ರ 75 ಅಂತ ಬರೀರಿ.
ಬಣ್ಣ ಹಚ್ಚೂದಕ್ಕ 10 ನಿಮಿಷ ಹೆಚ್ಚಿಗಿ.
ವ್ಯಾಕ್ಸಿಂಗ್, ಕಟಿಂಗ್ ತಲಾ 5 ನಿಮಿಷ ಹೆಚ್ಚಿಗಿ.
ಬರೇ ಐಬ್ರೋ ಇದ್ರ 2 ನಿಮಿಷ ಸಾಕು.

ಒಮ್ಮೆ ಹಿಂಗ ಬರದ್ರ ಆ ಹೊತ್ತು ಆಕಿ ಕೆಲಸದ ಹೊತ್ತು ಆಗ್ತದ. ಗಿರಾಕಿ ಇದ್ರು ಅನ್ನೂದಕ್ಕ ಜಾಗಾ ಉಳಿಯೂದಿಲ್ಲ.

ಇನ್ನ ಸಾಮಾನು. ಹಣಿಗಿ ತೊಳದು, ಸೋಂಕು ಕೊಲ್ಲೋ ದ್ರಾವಣದಾಗ 10 ನಿಮಿಷ ಮುಳುಗಿಸಿ, ಒಣಗಿಸಿ, ಡಬ್ಬಿಗೆ ಹಾಕೂದಕ್ಕ 20ರಿಂದ 25 ನಿಮಿಷ ಹಿಡೀತದ. ತಾಸಿಗೆ ಇಬ್ಬರು ಕೂಡೋ ಕುರ್ಚಿಗೆ ಮೂರು ಸೆಟ್ ಬೇಕು: ಒಂದು ಕೈಯಾಗ, ಒಂದು ದ್ರಾವಣದಾಗ, ಒಂದು ಮುಚ್ಚಿದ ಡಬ್ಬಿಯಾಗ. ಮೂರು ಕುರ್ಚಿಗೆ ಒಂಬತ್ತು ಸೆಟ್. ಬಹಳ ಕಡೆ ಕುರ್ಚಿಗೊಂದ ಸೆಟ್ ಕೊಟ್ಟು "ತೊಳೀವಲ್ಲಳು" ಅಂತಾರ. ಸಾಮಾನು ಕಮ್ಮಿ ಇದ್ರ ಎಂಥಾ ಚುರುಕಿನಾಕಿನೂ ತೊಳಿಯೂದು ಬಿಡ್ತಾಳ. ಆಕಿ ಮ್ಯಾಲೆ ತಪ್ಪು ಹೊರಿಸೂಕಿಂತ ಮೊದಲ ಇದನ್ನ ಎಣಿಸಿ ನೋಡ್ರಿ.

ಅಂಗಡಿ ಕೆಲಸದ ಪಾಳಿ ದಿನದ ಲೆಕ್ಕದಾಗ ಹಂಚಬ್ಯಾಡ್ರಿ, ಕೆಲಸದ ಲೆಕ್ಕದಾಗ ಹಂಚ್ರಿ. ಸೋಮವಾರ ಎಲ್ಲಾ ಒಬ್ಬಾಕಿದು ಅಂದ್ರ, ಆ ದಿನ ಆಕಿಗೆ ಬುಕಿಂಗ್ ತುಂಬಿದ್ರ ಎಲ್ಲಾನೂ ಬಿದ್ದು ಹೋಗ್ತದ. ಈ ವಾರ ಟಾವೆಲ್ ಒಬ್ಬಾಕಿ, ಸಿಂಕು ಮತ್ತ ಬುಟ್ಟಿ ಒಬ್ಬಾಕಿ, ಫರಸಿ ಒಬ್ಬಾಕಿ, ಸ್ಟಾಕು ಮತ್ತ ಪ್ಲಗ್ ಒಬ್ಬಾಕಿ ಅಂತ ಮಾಡಿದ್ರ ಯಾವುದು ಬಿಟ್ಟದ, ಯಾರ ಕಡಿಂದ ಬಿಟ್ಟದ ಅನ್ನೂದು ಕೇಳದನ ಗೊತ್ತಾಗ್ತದ. ಸೋಮವಾರಕ್ಕ ಸೋಮವಾರ ತಿರುಗಿಸ್ರಿ. ಹಾಳಿಯೊಳಗ ಕೆಲಸ, ಹೆಸರು, ಮುಗಿಸಿದ ಟೈಮು, ಸಹಿ ಇಷ್ಟ ಇರಲಿ. ಟೈಮ್ ಬರಿಯೋ ಮನಿ ಇಲ್ಲದ ಹಾಳಿ ಉಪಯೋಗಿಲ್ಲ. ಶನಿವಾರ ಸಂಜಿಗೆ ಒಂದ ಪೆನ್ನಿನ್ಯಾಗ ವಾರದ ಸಹಿ ಎಲ್ಲಾ ಬಿದ್ದಿರ್ತಾವ. ಹಾಳಿನ್ನ ಗಿರಾಕಿ ಕಣ್ಣಿಗೆ ಬೀಳೋ ಕಡೆ ಅಂಟಿಸಬ್ಯಾಡ್ರಿ, ಕಪಾಟಿನ ಬಾಗಲದ ಒಳಮೈಗೆ ಅಂಟಿಸ್ರಿ.


ಘಟಪ್ರಭಾ_ದಂಡೆ (ಬಾಗಲಕೋಟೆ)

ಮೇಲಿನವರು ಹೇಳಿದ ವಿಂಗಡಣೆ ಸರಿಯಾಗಿದೆ. ಮೊದಲನೆಯ ಗುಂಪನ್ನು ಯಾಕೆ ಬಿಡಬಾರದು ಎಂಬುದನ್ನು ಆ ಸಹೋದ್ಯೋಗಿಗೆ ಕಾರಣ ಸಮೇತ ಹೇಳಬೇಕು. "ಹೊಲಸು ಕಾಣಿಸುತ್ತದೆ" ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಟಬ್ಬಿನಿಂದ ಶುರು ಮಾಡುತ್ತೇನೆ. 2000ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದೇ ನೇಲ್ ಸಲೂನಿಗೆ ಹೋಗಿದ್ದ ನೂರಕ್ಕೂ ಹೆಚ್ಚು ಗಿರಾಕಿಗಳ ಮೊಣಕಾಲಿನ ಕೆಳಗೆ ಕುರುಗಳೆದ್ದವು. ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಿತು. ಕಾರಣ ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಂ ಎಂಬ ಸೂಕ್ಷ್ಮಜೀವಿ. ನೀರು ತಿರುಗುವ ಟಬ್ಬುಗಳಲ್ಲಿ ನೀರು ಒಳಗೆ ಎಳೆದುಕೊಳ್ಳುವ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಕಟ್ಟಿಕೊಂಡಿದ್ದವು. ಹೊರಗಿನಿಂದ ನೋಡಿದರೆ ಟಬ್ ಚೊಕ್ಕಟ. ಪಾರ್ಲರಿಗೆ ಬರುವ ಮುನ್ನ ಕಾಲಿಗೆ ರೇಜರ್ ಹಾಕಿಕೊಂಡವರಿಗೆ ಅಪಾಯ ಹೆಚ್ಚಿತ್ತು ಎಂಬುದೂ ಆಗ ಗೊತ್ತಾಯಿತು. ಆದ್ದರಿಂದ ವ್ಯಾಕ್ಸಿಂಗ್ ಮತ್ತು ಪೆಡಿಕ್ಯೂರ್ ಎರಡೂ ಒಂದೇ ದಿನ ಬೇಕು ಎನ್ನುವವರಿಗೆ ಪೆಡಿಕ್ಯೂರ್ ಮೊದಲು ಮಾಡಿ.

ಪ್ರತಿ ಗಿರಾಕಿಯ ನಂತರ ಟಬ್ಬಿನ ಕೆಲಸ: ನೀರು ಪೂರ್ತಿ ಬಿಡಿ. ಜಾಲರಿ ಬಿಚ್ಚುವಂಥದ್ದಿದ್ದರೆ ಬಿಚ್ಚಿ ಕೂದಲು ತೆಗೆಯಿರಿ. ಸೋಪಿನ ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಅಂಚಿನ ಕೆಳಗೂ ಉಜ್ಜಿ. ಸೋಪು ಹೋಗುವಂತೆ ತೊಳೆಯಿರಿ. ಸೋಂಕುನಾಶಕ ಬೆರೆಸಿದ ನೀರನ್ನು ಗಿರಾಕಿಯ ನೀರು ಮುಟ್ಟಿದ್ದ ಮಟ್ಟದವರೆಗೆ ತುಂಬಿ 10 ನಿಮಿಷ ಬಿಡಿ. ಮೋಟಾರ್ ಇದ್ದರೆ ಆ 10 ನಿಮಿಷವೂ ಓಡುತ್ತಿರಲಿ. ಬಿಟ್ಟು, ತೊಳೆದು, ಒಣ ಬಟ್ಟೆಯಿಂದ ಒರೆಸಿ. ಕೈಕೆಲಸ 5 ನಿಮಿಷದ್ದು, ಉಳಿದದ್ದು ಕಾಯುವ ಹೊತ್ತು. ಆ ಹೊತ್ತಿನಲ್ಲಿ ಅವರು ಬೇರೆ ಕೆಲಸ ಮಾಡಬಹುದು. ನಿಮ್ಮದು ಬರೀ ಪ್ಲಾಸ್ಟಿಕ್ ಟಬ್ ಆಗಿದ್ದರೆ ಸಾವಿರ ಪಾಲು ಒಳ್ಳೆಯದು. ಎರಡು ಟಬ್ ಇಟ್ಟುಕೊಂಡರೆ ಕಾಯುವ ಮಾತೇ ಇಲ್ಲ.

ಹಣಿಗೆ, ಕತ್ತರಿ, ಟ್ವೀಜರ್, ಕ್ಯುಟಿಕಲ್ ಪುಶರ್ (ಉಗುರಿನ ಬುಡದ ಚರ್ಮ ಹಿಂದೆ ಸರಿಸುವ ಕಡ್ಡಿ): ಮೊದಲು ಕೂದಲು ಕಿತ್ತು ಸೋಪಿನಲ್ಲಿ ಉಜ್ಜಿ ತೊಳೆಯಬೇಕು. ಕೂದಲು, ಎಣ್ಣೆ ಅಂಟಿರುವ ಹಣಿಗೆಯನ್ನು ದ್ರಾವಣದಲ್ಲಿ ಅದ್ದಿದರೆ ಏನೂ ಪ್ರಯೋಜನವಿಲ್ಲ, ದ್ರಾವಣ ಮುಟ್ಟುವುದೇ ಆ ಎಣ್ಣೆಯ ಪದರವನ್ನು. ತೊಳೆದ ಮೇಲೆ ನೀರು ಜಾಡಿಸಿ ಅದ್ದಿ. ತೊಟ್ಟಿಕ್ಕುವ ನೀರಿನ ಜೊತೆ ಅದ್ದುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ದ್ರಾವಣ ತೆಳ್ಳಗಾಗಿರುತ್ತದೆ. ಪೂರ್ತಿ ಮುಳುಗಬೇಕು, ಹಿಡಿಕೆ ಮೇಲೆ ನಿಂತಿರಬಾರದು. ದ್ರಾವಣ ದಿನಕ್ಕೊಮ್ಮೆ ಬದಲು, ಕೂದಲು ತೇಲುತ್ತಿದ್ದರೆ ಆಗಲೇ ಬದಲು. ಟ್ರಿಮ್ಮರ್ ಬ್ಲೇಡನ್ನು ಮುಳುಗಿಸಬೇಡಿ. ಬ್ರಷ್ಷಿನಿಂದ ಕೂದಲು ತೆಗೆದು, ಬ್ಲೇಡ್ ಸ್ಪ್ರೇ ಹೊಡೆದು, ಒಂದು ಹನಿ ಎಣ್ಣೆ ಬಿಡಿ.

ಉಗುರಿನ ಫೈಲ್, ಬಫರ್, ಆರೆಂಜ್ ಸ್ಟಿಕ್ (ಅದೇ ಕೆಲಸದ ಮರದ ಕಡ್ಡಿ), ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲು ಇವು ನೀರು ಹೀರುವ ವಸ್ತುಗಳು, ಸೋಂಕು ತೆಗೆಯಲು ಬರುವುದಿಲ್ಲ. ಒಬ್ಬರಿಗೆ ಒಂದು. ಮುಗಿದ ಮೇಲೆ ಎಸೆಯಿರಿ, ಇಲ್ಲವೇ ಗಿರಾಕಿಯ ಕೈಗೇ ಕೊಡಿ.

ವ್ಯಾಕ್ಸಿನಲ್ಲಿ ಚರ್ಮಕ್ಕೆ ಮುಟ್ಟಿದ ಕಡ್ಡಿ ಮತ್ತೆ ಡಬ್ಬಿಗೆ ಹೋಗಬಾರದು. "ಬಿಸಿ ಇದೆಯಲ್ಲ, ಸೂಕ್ಷ್ಮಜೀವಿ ಸಾಯುತ್ತದೆ" ಎಂದು ವಾದಿಸುವವರಿದ್ದಾರೆ. ಚರ್ಮ ತಡೆದುಕೊಳ್ಳುವ ಬಿಸಿಗೆ ಅವು ಸಾಯುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಸಾಕು. ಒಬ್ಬರು ಕಡ್ಡಿ ಎರಡನೇ ಸಲ ಅದ್ದಿದರೆ ಆ ಡಬ್ಬಿಯಿಂದ ಮುಂದೆ ವ್ಯಾಕ್ಸ್ ತೆಗೆದವರೆಲ್ಲರ ಗಿರಾಕಿಗಳಿಗೂ ಅಪಾಯ. ಹಾಗಾಗಿ ಇದು ಅವರ ಸ್ವಂತ ವಿಷಯ ಎಂದು ಬಿಡುವ ಹಾಗಿಲ್ಲ. ಅಂದಹಾಗೆ, ನಾಲ್ವರೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು.

ಐಬ್ರೋ ದಾರವನ್ನು ಬಾಯಲ್ಲಿ ಕಚ್ಚಿ ಎಳೆಯುವುದನ್ನೂ ಎಲ್ಲರೂ ಬಿಡಬೇಕು. ದಾರದ ತುದಿಯನ್ನು ಕುತ್ತಿಗೆಗೆ ಕಟ್ಟಿಕೊಂಡು ಮಾಡುವ ರೀತಿ ಇದೆ. ಪ್ರತಿಯೊಬ್ಬರಿಗೂ ಹೊಸ ದಾರ.


ಕಾಡಿಗೆ_ಡಬ್ಬಿ

ಭಾಳ ಉಪಯೋಗ ಆತ್ರಿ. ದ್ರಾವಣ ಅಂದ್ರ ಯಾವುದು? ಇಲ್ಲೆ ಬಟ್ಟಿಗೆ ಹಾಕೋ ಬ್ಲೀಚ್ ಐತಿ, ಡೆಟಾಲ್ ಐತಿ, ಯುವಿ ಪೆಟ್ಟಗಿ ಐತಿ. ಆಕಿ "ಯುವಿ ಒಳಗ ಇಟ್ಟೀನಿ, ಮತ್ತ್ಯಾಕ ತೊಳೀಬೇಕು" ಅಂತಾಳ.


ಘಟಪ್ರಭಾ_ದಂಡೆ

ಯುವಿ ಪೆಟ್ಟಿಗೆ ತೊಳೆದ ಸಾಮಾನನ್ನು ಇಟ್ಟುಕೊಳ್ಳುವ ಜಾಗ ಅಷ್ಟೇ. ಬೆಳಕು ಬಿದ್ದಲ್ಲಿ ಮಾತ್ರ ಅದರ ಕೆಲಸ. ಹಣಿಗೆಯ ಹಲ್ಲುಗಳ ನಡುವೆ, ಕತ್ತರಿಯ ಕೀಲಿನಲ್ಲಿ ಬೆಳಕು ಬೀಳುವುದಿಲ್ಲ. ತೊಳೆಯದೆ ಇಟ್ಟರೆ ಹೊಲಸು ಹಾಗೇ ಇರುತ್ತದೆ.

ಡೆಟಾಲ್ ಲಿಕ್ವಿಡ್ ನಂಜುನಿರೋಧಕ. ಸಲಕರಣೆಗೆ ಅದನ್ನೇ ನೆಚ್ಚಬೇಡಿ, ನೀರು ಬೆಳ್ಳಗಾಯಿತು ಎಂದರೆ ಸಾಮಾನು ಶುದ್ಧವಾಯಿತು ಎಂದಲ್ಲ. ಪಾರ್ಲರ್ ಸಾಮಾನಿಗೆ ಕ್ವಾಟರ್ನರಿ ಅಮೋನಿಯಂ ಜಾತಿಯ ದ್ರಾವಣ ಸೌಂದರ್ಯ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಬಾಟಲಿಯ ಮೇಲೆ ಬರೆದ ಅಳತೆ, ಬರೆದ ನಿಮಿಷ, ಎರಡನ್ನೂ ಬದಲಿಸಬೇಡಿ. ಸೋಪು ಉಳಿದಿದ್ದರೆ ಈ ದ್ರಾವಣ ಸತ್ತುಹೋಗುತ್ತದೆ, ಆದ್ದರಿಂದಲೇ ನಡುವೆ ಚೆನ್ನಾಗಿ ತೊಳೆಯಲು ಹೇಳಿದ್ದು. ಬೋರಿನ ಗಡಸು ನೀರಿನಲ್ಲೂ ಇದರ ಶಕ್ತಿ ತಗ್ಗುತ್ತದೆ. ನಳದ ನೀರು ಅಥವಾ ಫಿಲ್ಟರ್ ನೀರಿನಲ್ಲಿ ಬೆರೆಸಿ. ಅವಸರಕ್ಕೆ ಟ್ವೀಜರ್, ಕತ್ತರಿಗೆ 70 ಶೇಕಡಾ ಆಲ್ಕೋಹಾಲ್ ಆಗುತ್ತದೆ. ಆದರೆ ಒರೆಸಿ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಆರಿಹೋಗುತ್ತದೆ, ಮುಳುಗಿಸಿ ಇಡಬೇಕು. 99 ಶೇಕಡಾದ್ದು ಇನ್ನೂ ಜೋರು ಎಂದು ತರಬೇಡಿ, ನೀರಿನ ಪಾಲು ಇದ್ದರೇನೇ ಅದು ಸರಿಯಾಗಿ ಕೆಲಸ ಮಾಡುವುದು.

ಬ್ಲೀಚ್ ರಕ್ತ ಬಿದ್ದ ಜಾಗಕ್ಕೆ ಇರಲಿ. ಬಾಟಲಿಯ ಮೇಲೆ 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇದ್ದರೆ 100 ಮಿ.ಲೀ. ಬ್ಲೀಚಿಗೆ 900 ಮಿ.ಲೀ. ನೀರು, ಅಂದರೆ 0.5 ಶೇಕಡಾ. ಮೊದಲು ಗ್ಲೌಸ್ ಹಾಕಿ ರಕ್ತ ಒರೆಸಿ ತೆಗೆದು, ಆಮೇಲೆ ಈ ನೀರು ಹಾಕಿ 10 ನಿಮಿಷ. ಅಂದಂದೇ ಬೆರೆಸಿ, ಮರುದಿನಕ್ಕೆ ಅದರಲ್ಲಿ ಶಕ್ತಿ ಉಳಿಯುವುದಿಲ್ಲ. ಕತ್ತರಿಯನ್ನು ಅದರಲ್ಲಿ ನೆನೆಹಾಕಿದರೆ ತುಕ್ಕು ಹಿಡಿಯುತ್ತದೆ.

ಇದು ಬಹಳ ಮುಖ್ಯ: ಕೂದಲ ಬಣ್ಣ, ಮುಖದ ಬ್ಲೀಚ್ ಕ್ರೀಮ್ ಇವುಗಳಲ್ಲಿ ಹಲವದರಲ್ಲಿ ಅಮೋನಿಯ ಇರುತ್ತದೆ. ತೊಳೆಯದ ಬಣ್ಣದ ಬಟ್ಟಲನ್ನು ಬಟ್ಟೆಯ ಬ್ಲೀಚಿನ ನೀರಿಗೆ ಹಾಕಿದರೆ ಎದೆ ಹಿಡಿಯುವಂಥ ವಿಷದ ಗಾಳಿ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಏಳುತ್ತದೆ. ಕೆಲಸ ಬಿಟ್ಟವರ ಪಾತ್ರೆಯನ್ನು ಕೋಪದಲ್ಲಿ ಇನ್ನೊಬ್ಬರು ಒಂದೇ ಬಕೀಟಿಗೆ ತುಂಬುವಾಗ ಆಗುವುದು ಇದೇ. ಆ ಎರಡು ಬಾಟಲಿ ಒಂದೇ ಕಪಾಟಿನಲ್ಲಿ ಇಡಬೇಡಿ.


ಇಳಕಲ್_ಸೆರಗು (ಬಾಗಲಕೋಟೆ)

ಆಕಿ ಯಾಕ ತೊಳೀವಲ್ಲಳು ಅಂತ ಯಾರರ ಕೇಳೀರೇನು? ಮೈಗಳ್ಳತನ ಅಂತ ಮೊದಲ ತೀರ್ಮಾನ ಮಾಡಬ್ಯಾಡ್ರಿ.

ದಿನಾ ಶಾಂಪು, ಬಣ್ಣ, ಪರ್ಮಿಂಗ್ ಕೆಲಸ ಮಾಡೋವರಿಗೆ ಕೈ ಒಡಿಯೂದು, ಬೆರಳ ಸಂದಿ ಕೆಂಪಾಗಿ ತುರಿಸೂದು ಈ ಕಸುಬಿನ್ಯಾಗ ಭಾಳ ಐತಿ. ಕಪ್ಪು ಬಣ್ಣದಾಗಿನ ಪಿಪಿಡಿ ಅನ್ನೋ ರಾಸಾಯನಿಕ ಒಮ್ಮೆ ಅಲರ್ಜಿ ಆತಂದ್ರ ಬಿಡೂದಿಲ್ಲ. ಹಂಗಿದ್ದಾಕಿ ಸೋಪು, ಫಿನೈಲ್ ಅಂದ್ರ ದೂರ ಸರೀತಾಳ, ಬಾಯಿಬಿಟ್ಟು ಹೇಳೂದಿಲ್ಲ. ಕೈ ಕೆಟ್ಟಾವಂತ ಗೊತ್ತಾದ್ರ ಗಿರಾಕಿ ಹೋಗ್ತಾರಂತ ಅಂಜಿಕಿ. ನೈಟ್ರೈಲ್ ಗ್ಲೌಸ್ ತರಿಸಿ ಕೊಡ್ರಿ, ತೊಳಿಯೋ ಪಾಳಿ ಬದಲಿ ಟಾವೆಲ್ ಮಡಿಚೂದು, ಸ್ಟಾಕ್ ಬರಿಯೂದು ಕೊಡ್ರಿ, ಡಾಕ್ಟರಿಗೆ ತೋರಸು ಅನ್ರಿ.

ಇನ್ನೊಂದು ಬಸ್ಸು. ಹಳ್ಳಿಯಿಂದ ಬರೋ ಹುಡುಗ್ಯಾರು ಸಂಜಿ ಬಸ್ ತಪ್ಪಿದ್ರ ಮನಿ ಮುಟ್ಟೂದಿಲ್ಲ. ಅವರಿಗೆ ಬಾಗಲಾ ಹಾಕೋ ಕೆಲಸ ಕೊಟ್ರ ದಿನಾ ತಪ್ಪತೈತಿ. ಬಾಗಲಾ ತೆಗಿಯೋ ಕೆಲಸ ಕೊಡ್ರಿ: ದ್ರಾವಣ ಹೊಸದು ಬೆರಸೂದು, ವ್ಯಾಕ್ಸ್ ಹೀಟರ್ ಹಚ್ಚೂದು, ಸ್ಟೀಮರಿಗೆ ನೀರು, ಕನ್ನಡಿ ಒರಸೂದು, ಕುರ್ಚಿಗೊಂದು ಟಾವೆಲ್. ಇಪ್ಪತ್ತು ನಿಮಿಷದ ಕೆಲಸ, ಸಂಜಿದಕ್ಕ ಸರಿಸಮ.

ಈ ಎರಡೂ ಅಲ್ಲಾಂದ್ರ ಮಾತಾಡ್ರಿ. ಗಿರಾಕಿ ಮುಂದ ಬ್ಯಾಡ, ವಾಟ್ಸಾಪ್ ಗ್ರೂಪಿನ್ಯಾಗ ಅಂತೂ ಬ್ಯಾಡ, ಮೂವರೂ ಕೂಡಿ ಸುತ್ತುವರದು ಬ್ಯಾಡ. ಮಧ್ಯಾಹ್ನ ಊಟ ಆದಮ್ಯಾಲೆ ಒಬ್ಬರ ಕುಂತು ಹೇಳ್ರಿ. "ನೀ ಯಾವಾಗಲೂ ಹಿಂಗ" ಅನ್ನಬ್ಯಾಡ್ರಿ. ಹಿಂಗ ಅನ್ರಿ: "ಅಕ್ಕಾ, ನಿನ್ನೆ ನಾಲ್ಕಕ್ಕ ನಿಮ್ಮ ಗಿರಾಕಿ ಎದ್ದ ಮ್ಯಾಲೆ ಟಬ್ ಹಂಗ ಇತ್ತು. ಮುಂದಿನವರು ಹದಿನೈದು ನಿಮಿಷ ಕಾಯ್ದ್ರು, ನಾ ತೊಳದೆ. ನಾಳಿಂದ ನಿಮ್ಮ ಟಬ್ ನೀವ ತೊಳೀರಿ, ನನ್ನದು ನಾ ತೊಳೀತೀನಿ. ಅವಸರ ಇದ್ರ ಮೊದಲ ಹೇಳ್ರಿ, ಅದಲಬದಲ ಮಾಡೋಣು." ಒಂದ ಸಂಗತಿ, ಒಂದ ಟೈಮು, ಒಂದ ಬೇಡಿಕಿ. ವಯಸ್ಸಿನ್ಯಾಗ ದೊಡ್ಡಾಕಿ ಇದ್ರ ಅಕ್ಕಾರ ಅಂತ ಮರ್ಯಾದಿ ಕೊಟ್ಟ ಮಾತಾಡ್ರಿ, ಆದ್ರ ಬೇಡಿಕಿ ಸಣ್ಣದು ಮಾಡಬ್ಯಾಡ್ರಿ.

"ನಾ ಬ್ಯೂಟಿಷಿಯನ್, ಕಸ ಹೊಡಿಯಾಕ ಬಂದಿಲ್ಲ" ಅಂದ್ಲಂದ್ರ ಉತ್ತರ ಐತಿ. ಕೌಶಲ ತರಬೇತಿಯ ಅಸಿಸ್ಟಂಟ್ ಬ್ಯೂಟಿ ಥೆರಪಿಸ್ಟ್ ಪಾಠದಾಗ ಕೆಲಸದ ಜಾಗಾ ತಯಾರ ಮಾಡೂದು, ಸ್ವಚ್ಛ ಇಡೂದು ಆ ಹುದ್ದಿಯ ಕೆಲಸ ಅಂತನ ಕಲಸ್ತಾರ. ಸಲಕರಣೆ ತೊಳಿಯೂದು ಕಸುಬಿನ ಒಳಗಿಂದು.


ಟಿಳಕವಾಡಿ_ಕುರ್ಚಿ (ಬೆಳಗಾವಿ)

ಎಲ್ಲರೂ ಆಕೆಯ ಸ್ವಭಾವದ ಬಗ್ಗೆ ಬರೆಯುತ್ತಿದ್ದೀರಿ. ಪಗಾರದ ಲೆಕ್ಕ ಯಾರೂ ಕೇಳಲಿಲ್ಲ. ಪಗಾರದ ಜೊತೆ ಕಮಿಷನ್ ಇರುವ ಪಾರ್ಲರಿನಲ್ಲಿ ಫರಸಿ ಒರೆಸುವ ಅರ್ಧ ತಾಸಿಗೆ ದುಡ್ಡಿಲ್ಲ, ಆ ಅರ್ಧ ತಾಸಿನಲ್ಲಿ ಒಂದು ಕಟಿಂಗ್ ಮಾಡಿದರೆ ದುಡ್ಡಿದೆ. ಕೈ ಛಲೋ ಇದ್ದವರು ಕಟಿಂಗನ್ನೇ ಆರಿಸುತ್ತಾರೆ. ಉಳಿದವರು ಒರೆಸಿಕೊಂಡು ಅವರ ಕಮಿಷನ್ ಬೆಳೆಸುತ್ತಾರೆ. ಲೆಕ್ಕ ಹೀಗೆ ಇರುವ ತನಕ ಎಷ್ಟು ಹಾಳೆ ಅಂಟಿಸಿದರೂ ಎರಡು ವಾರಕ್ಕೆ ಹಳೇ ಪಾಡು.

ಮಾಲಕರ ಮುಂದೆ ಎರಡು ದಾರಿ ಇಡಿ. ಒಂದು, ಅಂಗಡಿ ಕೆಲಸಕ್ಕೆ ಬೇರೆ ಭತ್ತೆ. ಉದಾಹರಣೆಗೆ ಬಾಗಿಲು ಹಾಕುವ ಕೆಲಸ ಸಹಿ ಸಮೇತ ಮುಗಿಸಿದರೆ ದಿನಕ್ಕೆ 50 ರೂಪಾಯಿ. ಮಾಡದವರಿಗೆ ದಂಡವಿಲ್ಲ, ಮಾಡಿದವರಿಗೆ ದುಡ್ಡಿದೆ. ಇನ್ನೊಂದು, ಫರಸಿ ಮತ್ತು ಟಾವೆಲಿಗೆ ಸಂಜೆ ಎರಡು ತಾಸು ಒಬ್ಬ ಕೆಲಸದಾಕೆಯನ್ನು ಇಟ್ಟುಕೊಳ್ಳುವುದು. ಲಗ್ನದ ಸೀಜನಿನಲ್ಲಂತೂ ಎರಡನೆಯದೇ ಲಾಭ. ಆದರೆ ಕತ್ತರಿ, ಟಬ್, ವ್ಯಾಕ್ಸ್ ಕಡ್ಡಿ ಆಕೆಗೆ ಬಿಡಬೇಡಿ. ದ್ರಾವಣದ ಅಳತೆ, ನಿಮಿಷ ಗೊತ್ತಿಲ್ಲದವರ ಕೈಗೆ ಅವು ಹೋದರೆ ನೀರಲ್ಲಿ ಅದ್ದಿ ಒರೆಸಿ ಇಟ್ಟುಬಿಡುತ್ತಾರೆ.


ಗುಮ್ಮಟದ_ನೆರಳು

ಭತ್ತೆ ಮಾತಿಗೆ ಅರ್ಧ ಒಪ್ಪತೀನ್ರಿ. ಅಂಗಡಿ ಕೆಲಸಕ್ಕ ದುಡ್ಡು ಕೊಡೂದು ನ್ಯಾಯ. ತನ್ನ ಹಣಿಗಿ ತಾನು ತೊಳಿಯೂದಕ್ಕ ದುಡ್ಡು ಕೊಟ್ರ ಮಾತ್ರ ಅದು ಬೇಕಾದ್ರ ಮಾಡೋ ಕೆಲಸ ಆಗ್ತದ, 50 ರೂಪಾಯಿ ಬ್ಯಾಡ ಅಂದಾಕಿ ತೊಳಿಯೂದ ಬಿಡ್ತಾಳ. ಆ ಗೆರಿ ದಾಟಬ್ಯಾಡ್ರಿ.

ಕಮಿಷನ್ ಲೆಕ್ಕದಾಗ ಇನ್ನೊಂದು ನೋಡ್ರಿ: ಬಣ್ಣದ ಸಾಮಾನು ಹಾಳು ಆಗೂದು. ಡೆವಲಪರ್ (ಬಣ್ಣಕ್ಕ ಕಲಸೋ ಪೆರಾಕ್ಸೈಡ್) ಬಾಟಲಿ ಬಿರಡಿ ಸಡಿಲ ಬಿಟ್ರ ಪೆರಾಕ್ಸೈಡ್ ಶಕ್ತಿ ಇಳೀತದ. 20 ವಾಲ್ಯೂಮ್ ಅಂದ್ರ 6 ಶೇಕಡಾ ಇರಬೇಕು, ಅದು ಇಳದಿದ್ರ ಬಿಳಿಕೂದಲಿಗೆ ಬಣ್ಣ ಹಿಡಿಯೂದಿಲ್ಲ. ಮರುದಿನ ಅದ ಬಾಟಲಿ ಹಿಡದಾಕಿಗೆ ಗಿರಾಕಿ ಬಯ್ತಾರ, ಬಿರಡಿ ಹಾಕದಾಕಿಗೆ ಅಲ್ಲ. ಟ್ಯೂಬಿನ ಬಾಯಿಗೆ ಗಾಳಿ ತಗಲಿದ್ರ ಬಣ್ಣ ಕಪ್ಪಾಗಿ ಗಟ್ಟಿ ಆಗ್ತದ. ಕಲಸಿ ಉಳದ ಬಣ್ಣ ಬಾಟಲಿಗೆ ಹಾಕಿ ಮುಚ್ಚಿ ಇಡಬಾರದು, ಒಳಗ ಗಾಳಿ ಕೂಡಿ ಬಾಟಲಿ ಒಡೀತದ. ಪ್ರತಿ ಬಾಟಲಿಗೆ ತೆಗದ ತಾರೀಖು, ತೆಗದವರ ಹೆಸರಿನ ಮೊದಲ ಅಕ್ಷರ ಟೇಪಿನ ಮ್ಯಾಲೆ ಬರೀರಿ. ಸ್ಟಾಕ್ ಬರಿಯೂದು ಖಾಲಿ ಆದಮ್ಯಾಲೆ ಅಲ್ಲ, ಎರಡು ಉಳದಾಗ.


ಬಿಳಿಜೋಳ (ಬೆಳಗಾವಿ)

ಟಾವೆಲ್ ಬಗ್ಗೆ ಒಂದೆರಡು. ಬೆಳಗಾವಿ ಮಳಿಗಾಲದಾಗ ಟಾವೆಲ್ ಎರಡು ದಿನ ಆದ್ರೂ ಒಣಗೂದಿಲ್ಲ. ವಿಜಯಪುರದ ಬಿಸಲಾಗ ಒಂದ್ ತಾಸು ಸಾಕು. ಹಿಂಗಾಗಿ ಅಲ್ಲಿಯವರ ಲೆಕ್ಕ ಇಲ್ಲಿ ನಡಿಯೂದಿಲ್ಲ. ದಿನಕ್ಕ 20 ಗಿರಾಕಿ ಇದ್ರ ತಲಾ ಎರಡರಂಗ 40 ಟಾವೆಲ್. ಬ್ಯಾಸಗ್ಯಾಗ 80 ಇದ್ರ ನಡೀತೈತಿ, ಜೂನಿಂದ ಸಪ್ಟೆಂಬರ್ ತನಕ 120 ಬೇಕು. ಅಷ್ಟು ಇರಲಿಲ್ಲಂದ್ರ ಟಾವೆಲ್ ಪಾಳಿ ಬಂದಾಕಿ ಹಸಿ ಟಾವೆಲ್ ಮಡಚಿ ಇಡ್ತಾಳ, ವಾಸನಿ ಹಿಡೀತೈತಿ, ಬೂಸಲು ಬರತೈತಿ. ಮಳಿಗಾಲಕ್ಕ ಪೆಡಿಕ್ಯೂರಿಗೆ ಒಮ್ಮೆ ವಾಪರಿಸಿ ಬಿಸಾಡೋ ನಾನ್‌ವೋವನ್ ಟಾವೆಲ್ ತರ್ರಿ.

60 ಡಿಗ್ರಿ ಬಿಸಿನೀರಿನ್ಯಾಗ ಒಗೀರಿ. ಸಾಫ್ಟ್ನರ್ ಹಾಕಬ್ಯಾಡ್ರಿ, ಟಾವೆಲ್ ನೀರು ಹೀರೂದು ಕಡಿಮಿ ಆಗತೈತಿ. ಕೂದಲಿಗೆ ಬಣ್ಣ ಹಚ್ಚುವಾಗಿನ ಟಾವೆಲ್ ಕಪ್ಪು, ಮುಖದ್ದು ಬಿಳಿ, ಕಾಲಿಂದು ಮತ್ತೊಂದು ಬಣ್ಣ. ಬುಟ್ಟಿ ಮೂರು. ಬಣ್ಣ ಬ್ಯಾರೆ ಇದ್ರ ತಪ್ಪು ಬುಟ್ಟಿಗೆ ಹಾಕಿದ್ದು ಕಣ್ಣಿಗೆ ಬೀಳತೈತಿ.


ಮಲಪ್ರಭಾ (ಬೆಳಗಾವಿ)

ಕಾಯ್ದೆಯ ಮಾತು ಸ್ವಲ್ಪ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ಪಾರ್ಲರಿಗೂ ಅನ್ವಯಿಸುತ್ತದೆ. ದಿನಕ್ಕೆ 9 ತಾಸು, ವಾರಕ್ಕೆ 48 ತಾಸು, ವಾರಕ್ಕೊಂದು ಸುಟ್ಟಿ. ಬಾಗಿಲು ಹಾಕಿದ ಮೇಲೆ ಒರೆಸುವುದೂ ಕೆಲಸದ ಹೊತ್ತೇ. 9 ತಾಸು ಮುಗಿದ ಮೇಲೆ ಒರೆಸಿಸಿದರೆ ಅದು ಓವರ್‌ಟೈಮ್, ದರ ಎರಡು ಪಟ್ಟು. ಮುಂಜಾನೆ ಹತ್ತಕ್ಕೆ ಬಂದವರನ್ನು ರಾತ್ರಿ ಎಂಟೂವರೆ ತನಕ ಸ್ವಚ್ಛತೆಗೆ ನಿಲ್ಲಿಸಿ, ಹೋಗಿಬಿಟ್ಟರೆ "ಕೆಲಸಗಳ್ಳಿ" ಎನ್ನುವುದು ಸರಿಯಲ್ಲ. ಕೊನೆಯ ಅಪಾಯಿಂಟ್‌ಮೆಂಟನ್ನು ಅರ್ಧ ತಾಸು ಮುಂಚೆ ನಿಲ್ಲಿಸಿ, ಒರೆಸುವುದು ಪಾಳಿಯ ಒಳಗೇ ಬರಲಿ.

ಪಾಳಿ ಬಿಟ್ಟರು ಎಂದು ಮಾಲಕರು ಮನಸ್ಸಿಗೆ ಬಂದಷ್ಟು ಪಗಾರ ಹಿಡಿಯುವಂತಿಲ್ಲ. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಪಗಾರ ಇಲ್ಲದೆ ತೆಗೆಯುವಂತಿಲ್ಲ. ದುರ್ನಡತೆ ವಿಚಾರಣೆಯಲ್ಲಿ ರುಜುವಾತಾದರೆ ಮಾತ್ರ ನೋಟಿಸ್ ಬೇಡ. ಆದ್ದರಿಂದ ಮಾತಿನ ನಂತರದ ಹೆಜ್ಜೆ ಬರಹದಲ್ಲಿರಲಿ. ಮಾಲಕರಿಗೆ ಕೊಡುವ ಹಾಳೆಯಲ್ಲಿ ತಾರೀಖು, ಟೈಮು, ಬಿಟ್ಟ ಕೆಲಸ, ಅದರಿಂದ ಏನಾಯಿತು, ಯಾರು ಮಾಡಿದರು, ಇಷ್ಟೇ ಬರೆಯಿರಿ. ಎರಡು ವಾರದ್ದು ಸಾಕು. ಫೋಟೋ ತೆಗೆದರೆ ಟಬ್ಬಿನದು, ಸಿಂಕಿನದು ತೆಗೆಯಿರಿ. ಗಿರಾಕಿಯ ಮುಖ, ಆಕೆಯ ಮುಖ ಬರಬಾರದು.


ಕಾಡಿಗೆ_ಡಬ್ಬಿ

ಎಲ್ಲಾರಿಗೂ ಋಣಿ ಅದೀನ್ರಿ. ವಹಿಯೊಳಗ 15 ನಿಮಿಷ ಹಿಡಿಯೂದು, ಕೆಲಸದ ಲೆಕ್ಕದ ಪಾಳಿ, ಎರಡನೇ ಟಬ್ ಈ ಮೂರು ಮಾಲಕರ ಮುಂದ ಇಡ್ತೀನಿ. ಕಡೀ ಪ್ರಶ್ನಿ: ಸ್ಟೀಮರ್ ಮುಖಕ್ಕ ಬಿಸಿನೀರ ಹನಿ ಉಗಳತೈತಿ. ನೀರು ಬದಲು ಮಾಡೂದು ಆಕಿ ಪಾಳಿ, ಮಾಡಿಲ್ಲ. ರಿಪೇರಿಗೆ ಕೊಡಬೇಕೇನು?


ಗುಮ್ಮಟದ_ನೆರಳು

ರಿಪೇರಿಗೆ ಕೊಡೂಕಿಂತ ಮೊದಲ ಒಳಗ ನೋಡ್ರಿ, ಬಿಳಿ ಸುಣ್ಣ ಕಟ್ಟಿರ್ತದ. ಬೋರಿನ ನೀರು ಹಾಕಿದ್ರ ವಿಜಯಪುರ, ಬಾಗಲಕೋಟಿ ಕಡೆ ತಿಂಗಳದಾಗ ಕಟ್ಟತದ. ಇಲ್ಲಾ, ಗೆರಿ ಮೀರಿ ನೀರು ತುಂಬಿರ್ತಾರ. ತಣ್ಣಗಾದ ಮ್ಯಾಲೆ ಪ್ಲಗ್ ತೆಗದು ನೀರು ಚೆಲ್ರಿ. ಬಿಳಿ ವಿನೆಗರ್ ಅರ್ಧ, ನೀರು ಅರ್ಧ ಹಾಕಿ 30 ನಿಮಿಷ ಬಿಡ್ರಿ, ಚೆಲ್ಲಿ ಎರಡು ಮೂರು ಸಲ ತೊಳೀರಿ. ಆಮ್ಯಾಲೆ ಗಿರಾಕಿ ಇಲ್ಲದಾಗ ಡಿಸ್ಟಿಲ್ಡ್ ನೀರು ಹಾಕಿ ಐದು ನಿಮಿಷ ಖಾಲಿ ಓಡಸ್ರಿ. ಹನಿ ನಿಲ್ಲೂ ತನಕ ಯಾರ ಮುಖಕ್ಕೂ ಹಚ್ಚಬ್ಯಾಡ್ರಿ, ಸುಡತದ. ಮುಂದ ಡಿಸ್ಟಿಲ್ಡ್ ನೀರಷ್ಟ, ರಾತ್ರಿ ಖಾಲಿ ಮಾಡಿ ಇಡೂದು. ಕಡೇ ಫೇಶಿಯಲ್ ಯಾರು ಮಾಡಿದ್ರೋ ಅವರ ಖಾಲಿ ಮಾಡಬೇಕು, ಇದನ್ನೂ ಪಾಳಿಯಿಂದ ತೆಗೀರಿ.


ಇಳಕಲ್_ಸೆರಗು

ಇನ್ನೊಂದು ಸೇರಸ್ರಿ. ವ್ಯಾಕ್ಸ್ ಹೀಟರ್, ಸ್ಟ್ರೇಟ್ನರ್, ಸ್ಟೀಮರ್ ಮೂರರ ಪ್ಲಗ್ಗೂ ಒಂದ ಬೋರ್ಡಿಗೆ ತರಸ್ರಿ, ಬೋರ್ಡಿಗೆ ಕೆಂಪು ದೀಪ ಇರಲಿ. ಅಷ್ಟು ಲೋಡ್ ತಡಿಯೋ 16 ಆಂಪಿಯರಿನ ಬೋರ್ಡ್ ಹಾಕಂತ ವೈರಮನ್‌ಗೆ ಹೇಳ್ರಿ. ಕರೆಂಟ್ ಹೋದಾಗ ಹಂಗ ಬಿಟ್ಟು ಮನಿಗೆ ಹೋಗಿ, ರಾತ್ರಿ ಕರೆಂಟ್ ಬಂದು ಹೀಟರ್ ತನ್ನಷ್ಟಕ್ಕ ಕಾಯೂದು ಇದರಿಂದ ತಪ್ಪತೈತಿ. ಕರೆಂಟ್ ಇಲ್ಲದಾಗ ದೀಪ ಹತ್ತೂದಿಲ್ಲ, ಅದಕ್ಕ ದೀಪ ನೋಡಿ ಹೋಗೂದಲ್ಲ, ಸ್ವಿಚ್ಚಿಗೆ ಕೈ ಹಚ್ಚಿ ನೋಡಿ ಸಹಿ ಮಾಡಬೇಕು.

ಬಾಗಲಕೋಟಿಯವರು ಯಾರರ ಓದತಿದ್ರ: ಹೋಳಿ ದಿನಗಳಿಗೆ ಈ ಪಾಳಿ ಹಾಳಿ ನಡಿಯೂದಿಲ್ಲ. ಬಣ್ಣದ ತಲಿ ಒಂದರ ಹಿಂದೊಂದು ಬರ್ತಾವ, ಸಿಂಕಿನ ಜಾಳಗಿ ಪ್ರತಿ ತಲಿಗೂ ತೆಗೀಬೇಕು, ಕಪ್ಪು ಟಾವೆಲ್ ಬಿಟ್ಟು ಬ್ಯಾರೆ ತೆಗೀಬ್ಯಾಡ್ರಿ. ಆ ವಾರ ಒಬ್ಬಾಕಿನ್ನ ತಲಿ ತೊಳಿಯೋ ಸಿಂಕಿಗಷ್ಟ ನಿಲ್ಲಸ್ರಿ, ಎರಡು ತಾಸಿಗೊಮ್ಮೆ ಬದಲಿ ಮಾಡ್ರಿ. ಕೈಗೆ ಗ್ಲೌಸ್ ಮರೀಬ್ಯಾಡ್ರಿ.